ಒಂದೇ ಪ್ರಯಾಣಕ್ಕೆ ಮೂರು ಬುಕಿಂಗ್ ಆಗಿಬಿಟ್ಟಿದೆ, ಈಗ ಏನು ಮಾಡುವುದು?

ಮೂರನೇ ಗೇಟ್ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಿಂದ ಬರೆಯುತ್ತಿದ್ದೇನೆ. ನನ್ನ ಅತ್ತೆ ಮತ್ತು ಮಾವ ಜುಲೈ ತಿಂಗಳಲ್ಲಿ ಮೈದುನನ ಮನೆಗೆಂದು ಜರ್ಮನಿಗೆ ಹೊರಟಿದ್ದಾರೆ. ಇಬ್ಬರಿಗೂ ಅರವತ್ತೈದು ದಾಟಿದೆ, ವಿಮಾನ ಹತ್ತುವುದು ಇದೇ ಮೊದಲು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನಸುಕಿನ ವಿಮಾನ. ವೀಸಾ ಬಂದಿದೆ.

ಟಿಕೆಟ್ ವಿಚಾರದಲ್ಲಿ ನಮ್ಮ ಮನೆಯವರೆಲ್ಲರೂ ಒಟ್ಟಿಗೆ ಜಾಣರಾದೆವು. ನಾನು ಕಾಲೇಜು ರಸ್ತೆಯ ಒಬ್ಬ ಏಜೆಂಟರಿಗೆ ಪಾಸ್‌ಪೋರ್ಟ್ ಪ್ರತಿ ಕಳಿಸಿ ದರ ಕೇಳಿದೆ. "ಸೀಟು ಹಿಡಿದಿಟ್ಟಿದ್ದೇನೆ ಅಕ್ಕಾ, ನಾಳೆ ಸಂಜೆಯೊಳಗೆ ಹೇಳಿ" ಎಂದರು. ನಮ್ಮ ಯಜಮಾನರು ನನಗೆ ತಿಳಿಸದೆ ಹುಬ್ಬಳ್ಳಿಯ ಇನ್ನೊಬ್ಬ ಏಜೆಂಟರಿಗೂ ಅದೇ ಪ್ರತಿಗಳನ್ನು ಕಳಿಸಿದ್ದರು. ಅವರು ಹೇಳಿದ ದರ ತಲೆಗೆ ಆರು ಸಾವಿರ ಹೆಚ್ಚು. ಮರುದಿನ ಬೆಳಿಗ್ಗೆ ಮೈದುನ ಅಲ್ಲಿಂದ ಫೋನು ಮಾಡಿ, ದರ ಏರುತ್ತಲೇ ಇದೆ ಎಂದು ಗಾಬರಿಪಟ್ಟು, ತಾನೇ ವಿಮಾನ ಕಂಪನಿಯ ಜಾಲತಾಣದಲ್ಲಿ ಎರಡು ಟಿಕೆಟ್ ಕೊಂಡುಬಿಟ್ಟ.

ನಿನ್ನೆ ಮಾವನವರ ಮೊಬೈಲಿಗೆ ಒಂದು ಸಂದೇಶ ಬಂತು: ನಿಮ್ಮ ಬುಕಿಂಗ್ ರದ್ದಾಗಿದೆ. ಅದರಲ್ಲಿರುವ ಪಿಎನ್‌ಆರ್ ನಾವು ಯಾರೂ ನೋಡಿದ್ದಲ್ಲ. ಮಾವ ಊಟ ಬಿಟ್ಟು ಕುಳಿತಿದ್ದಾರೆ. ಅದರ ಮೇಲೆ ಕಾಲೇಜು ರಸ್ತೆಯ ಏಜೆಂಟರು ಫೋನು ಮಾಡಿ, ನಿಮ್ಮಿಂದ ತಮಗೆ ಕಂಪನಿ ದಂಡ ಹಾಕುತ್ತದೆ, ತಲೆಗೆ ಮೂರು ಸಾವಿರ ಕೊಡಿ ಎನ್ನುತ್ತಿದ್ದಾರೆ.

ನನ್ನ ಪ್ರಶ್ನೆ ಮೂರು. ಮೈದುನ ಕೊಂಡ ಟಿಕೆಟ್ ಉಳಿದಿದೆಯೇ? ಏಜೆಂಟರಿಗೆ ಹಣ ಕೊಡಬೇಕೇ? ಇನ್ನು ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಅದೇ ದಿನ ಮಧ್ಯಾಹ್ನ ಒಂದು ಕಂಪನಿಯಲ್ಲಿ, ಸಂಜೆ ಇನ್ನೊಂದು ಕಂಪನಿಯಲ್ಲಿ, ಒಂದು ತಪ್ಪಿದರೆ ಇನ್ನೊಂದಿರಲಿ ಎಂದು ಎರಡೆರಡು ಟಿಕೆಟ್ ತೆಗೆದಿಟ್ಟಿದ್ದೇವೆ. ಅವುಗಳಿಗೂ ಇದೇ ಗತಿ ಆಗುತ್ತದೆಯೇ?


ಕುಂದಾ ಕಟ್ಟೆ | ಸೋಮವಾರ, ರಾತ್ರಿ 9.58

ಇಬ್ಬರು ಪ್ರಯಾಣಿಕರಿಗೆ ಹತ್ತು ಸೀಟು. ಅಕ್ಕಾ, ನೀವು ವಿಮಾನವನ್ನೇ ಬಾಡಿಗೆಗೆ ಹಿಡಿದಿದ್ದರೆ ಅಗ್ಗವಾಗುತ್ತಿತ್ತು. ತಮಾಷೆ ಬದಿಗಿರಲಿ, ಮೊದಲು ಮಾವನವರಿಗೆ ಊಟ ಮಾಡಿಸಿ. ಈ ವೇದಿಕೆಯಲ್ಲಿ "ಹಳೆಯ ಕೌಂಟರ್" ಎಂಬ ಹಿರಿಯರಿದ್ದಾರೆ, ಅವರು ಬರುವವರೆಗೆ ಯಾವ ಟಿಕೆಟನ್ನೂ ಮುಟ್ಟಬೇಡಿ.


ನಿವೃತ್ತ ಮಾಸ್ತರ | ಸೋಮವಾರ, ರಾತ್ರಿ 10.15

ಮೈದುನನ ಇ-ಮೇಲ್‌ನಲ್ಲಿ 13 ಅಂಕಿಯ ಟಿಕೆಟ್ ಸಂಖ್ಯೆ ಇದೆಯೇ ನೋಡಿ. ಇದ್ದರೆ ನಿದ್ದೆ ಮಾಡಿ.


ಹಳೆಯ ಕೌಂಟರ್ | ಮಂಗಳವಾರ, ಬೆಳಿಗ್ಗೆ 6.30

ತಂಗೀ, ನಾನು 22 ವರ್ಷ ಟಿಕೆಟ್ ಕೌಂಟರಿನ ಒಳಬದಿಯಲ್ಲಿ ಕೂತವನು, ಈಗ ಬಿಟ್ಟಿದ್ದೇನೆ. ಮಾಸ್ತರರು ಹೇಳಿದ್ದು ಸರಿ. ಆದರೆ ಅದು ಏಕೆ ಎಂದು ತಿಳಿದರೆ ಮಾವನವರಿಗೆ ಧೈರ್ಯ ಬರುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಏಜೆಂಟರು "ಸೀಟು ಹಿಡಿದಿಟ್ಟಿದ್ದೇನೆ" ಎಂದರೆ ಅಮೇಡಿಯಸ್, ಸೇಬರ್, ಟ್ರಾವೆಲ್‌ಪೋರ್ಟ್ ಮೊದಲಾದ ಬುಕಿಂಗ್ ಜಾಲಗಳಲ್ಲಿ ಒಂದರೊಳಗೆ ನಿಮ್ಮ ಹೆಸರು ಹಾಕಿ ಬ್ಲಾಕ್ ಮಾಡಿದ್ದಾರೆ ಎಂದರ್ಥ. ಆಗ ಆರು ಅಕ್ಷರ-ಅಂಕಿಗಳ ಪಿಎನ್‌ಆರ್ ಹುಟ್ಟುತ್ತದೆ. ಅದು ಟಿಕೆಟ್ ಅಲ್ಲ. ಜೊತೆಗೆ ಒಂದು ಗಡುವು ಇರುತ್ತದೆ. ಗಡುವಿನೊಳಗೆ ಹಣ ಕಟ್ಟಿ ಟಿಕೆಟ್ ತೆಗೆಯದಿದ್ದರೆ ಸೀಟು ತಾನಾಗಿ ಬಿಟ್ಟುಹೋಗುತ್ತದೆ. ಹಣ ಕಟ್ಟಿದ ಮೇಲೆ ಹುಟ್ಟುವುದೇ 13 ಅಂಕಿಯ ಸಂಖ್ಯೆ. ಅದರ ಮೊದಲ ಮೂರು ಅಂಕಿ ಕಂಪನಿಯ ಗುರುತು, ಉದಾಹರಣೆಗೆ 098 ಎಂದರೆ ಏರ್ ಇಂಡಿಯಾ. ಕಾಗದದ ಟಿಕೆಟ್ ಹೋಗಿ 2008ರ ಜೂನ್ 1ರಿಂದ ಐಯಾಟಾ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ಕಂಪನಿಗಳಲ್ಲೆಲ್ಲ ಇ-ಟಿಕೆಟ್ ಬಂದ ಮೇಲೆ, ಪ್ರಯಾಣಿಕನ ಕೈಯಲ್ಲಿರುವ ಆಸ್ತಿ ಎಂದರೆ ಆ ಸಂಖ್ಯೆಯೊಂದೇ.

ಈಗ ಯಂತ್ರದ ಕೆಲಸ ಕೇಳಿ. ಕಂಪನಿಯ ಕಂಪ್ಯೂಟರ್ ತನ್ನ ವಿಮಾನಗಳ ಬುಕಿಂಗ್‌ಗಳನ್ನು ಜರಡಿ ಹಿಡಿಯುತ್ತಿರುತ್ತದೆ. ಒಂದೇ ಹೆಸರು, ಒಂದೇ ವಿಮಾನ, ಒಂದೇ ದಿನ ಎರಡು ಕಡೆ ಕಂಡರೆ ನಕಲು ಎಂದು ಗುರುತಿಸುತ್ತದೆ. ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಬೆಂಗಳೂರಿನಿಂದಲೂ ಮುಂಬಯಿಯಿಂದಲೂ ಹಾರುವಂತೆ ಕಂಡರೆ ಅಸಾಧ್ಯ ಪ್ರಯಾಣ ಎನ್ನುತ್ತದೆ. ಆಗ ಅದು ಮೊದಲು ಕೈ ಹಾಕುವುದು ಟಿಕೆಟ್ ಆಗದ ಬ್ಲಾಕ್‌ಗಳ ಮೇಲೆ. ನಿಮ್ಮ ಮಾವನವರಿಗೆ ಬಂದ ಸಂದೇಶ ಬಹುತೇಕ ಇಬ್ಬರು ಏಜೆಂಟರಲ್ಲಿ ಒಬ್ಬರ ಬ್ಲಾಕ್ ಬಿದ್ದುಹೋದ ಸುದ್ದಿ. ನೀವು ಕಂಡಿರದ ಪಿಎನ್‌ಆರ್ ಎನ್ನುತ್ತೀರಿ, ಏಜೆಂಟರು ಅದನ್ನು ನಿಮಗೆ ಹೇಳಿಯೇ ಇರಲಿಲ್ಲ. ಸಂಪರ್ಕಕ್ಕೆ ಮಾವನವರ ನಂಬರು ಕೊಟ್ಟಿದ್ದರು, ಅಷ್ಟೆ.

ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ವಿಮಾನದಲ್ಲಿ ಎಲ್ಲ ಸೀಟಿಗೂ ಒಂದೇ ದರ ಇರುವುದಿಲ್ಲ. ಒಂದು ದರದಲ್ಲಿ ಇಷ್ಟು, ಅದರ ಮೇಲಿನ ದರದಲ್ಲಿ ಇಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿರುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಎರಡೇ ಸೀಟು ಉಳಿದಿತ್ತು ಎಂದುಕೊಳ್ಳಿ. ಕಾಲೇಜು ರಸ್ತೆಯವರು ಆ ಎರಡನ್ನು ಹಿಡಿದರು. ಹುಬ್ಬಳ್ಳಿಯವರಿಗೆ ಮೇಲಿನ ಮೆಟ್ಟಿಲು ಕಂಡಿತು, ಆರು ಸಾವಿರ ಹೆಚ್ಚು ಹೇಳಿದರು. ಅವರೂ ಎರಡು ಹಿಡಿದರು. ಜರ್ಮನಿಯಲ್ಲಿ ಕುಳಿತ ನಿಮ್ಮ ಮೈದುನನಿಗೆ ಅದಕ್ಕೂ ಮೇಲಿನ ಮೆಟ್ಟಿಲು ಕಂಡಿರಬಹುದು. ದರ ಏರುತ್ತಿದೆ ಎಂದು ಅವನು ಹೆದರಿದನಲ್ಲ, ಏರಿಸಿದವರು ನೀವೇ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಒಬ್ಬನೇ ಗಿರಾಕಿ ಮೂವರು ದಲಾಲರನ್ನು ಕಳಿಸಿ ಒಂದೇ ಪೆಂಟೆಗೆ ಸವಾಲು ಕೂಗಿಸಿದರೆ ಏನಾಗುತ್ತದೆ, ಹೇಳಿ.


ಮೂರನೇ ಗೇಟ್ | ಮಂಗಳವಾರ, ಬೆಳಿಗ್ಗೆ 7.10

ಕಾಕಾ, ಓದುತ್ತ ಓದುತ್ತ ನಗುವೂ ಬಂತು, ಹೊಟ್ಟೆಯೂ ಉರಿಯಿತು. ನೀವು ಹೇಳಿದ್ದು ಅಕ್ಷರಶಃ ನಿಜ. ಮೈದುನ ಕೊಟ್ಟದ್ದು ಮೂರರಲ್ಲಿ ಅತಿ ಹೆಚ್ಚಿನ ದರ. ಇ-ಮೇಲ್‌ನಲ್ಲಿ 13 ಅಂಕಿಯ ಸಂಖ್ಯೆ ಎರಡೂ ಹೆಸರಿಗೆ ಇದೆ. ಪಿಎನ್‌ಆರ್ ಹಾಕಿ ನೋಡಿದರೆ ಕಂಪನಿಯ ಜಾಲತಾಣದಲ್ಲಿ ಖಚಿತ ಎಂದೇ ತೋರಿಸುತ್ತಿದೆ. ಮಾವ ಈಗ ಚಹಾ ಕುಡಿಯುತ್ತಿದ್ದಾರೆ.

ಈಗ ರದ್ದು ಮಾಡಿ ಕಡಿಮೆ ದರಕ್ಕೆ ಮತ್ತೆ ಕೊಳ್ಳಬಹುದೇ? ಕೊಂಡು ಮೂರು ದಿನವಾಯಿತು.


ನಿವೃತ್ತ ಮಾಸ್ತರ | ಮಂಗಳವಾರ, ಬೆಳಿಗ್ಗೆ 8.05

ಮೂರು ದಿನ ಕಳೆದ ಮೇಲೆ ಕಷ್ಟ. ನಮ್ಮ ದೇಶದ ಕಂಪನಿಗಳಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಹಾಕಿದ ನಿಯಮವೊಂದಿದೆ. 2019ರ ಪ್ರಯಾಣಿಕರ ಹಕ್ಕುಪತ್ರದ ಪ್ರಕಾರ ಬುಕ್ ಮಾಡಿದ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದಿತ್ತು, ಆದರೆ ಪ್ರಯಾಣಕ್ಕೆ ಏಳು ದಿನವಾದರೂ ಬಾಕಿ ಇರಬೇಕಿತ್ತು. ಇದನ್ನು 48 ಗಂಟೆಗೆ ಏರಿಸುವ ಕರಡು 2025ರ ನವೆಂಬರ್‌ನಲ್ಲಿ ಹೊರಬಿತ್ತು. ನೀವು ಕೊಳ್ಳುವ ದಿನ ಯಾವುದು ಚಾಲ್ತಿಯಲ್ಲಿದೆ ಎಂದು ಟಿಕೆಟಿನ ಷರತ್ತಿನಲ್ಲೇ ಓದಿಕೊಳ್ಳಬೇಕು. ವಿದೇಶಿ ಕಂಪನಿಯಾದರೆ ಮರುಪಾವತಿಯಲ್ಲಿ ಅವರ ದೇಶದ ನಿಯಮ ನಡೆಯುತ್ತದೆ. ಈಗ ರದ್ದು ಮಾಡಿದರೆ ಕಡಿತವಾಗುವ ಹಣ, ಉಳಿಸಲು ಹೊರಟ ಹಣಕ್ಕಿಂತ ಹೆಚ್ಚಾಗುವ ಸಂಭವವೇ ಜಾಸ್ತಿ. ಲೆಕ್ಕ ಹಾಕಿ ನೋಡಿ, ಆಮೇಲೆ ಕೈಬಿಡಿ.


ಖಡೇಬಜಾರ್ | ಮಂಗಳವಾರ, ಬೆಳಿಗ್ಗೆ 9.20

ಏಜೆಂಟರಿಗೆ ಒಂದು ರೂಪಾಯಿಯೂ ಕೊಡಬೇಡಿ. ಇವೆಲ್ಲ ಹೆದರಿಸುವ ಆಟ. ದರ ಕೇಳಿದ್ದಕ್ಕೆ ದಂಡವೇ? ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ಕೊಳ್ಳದೆ ಬರುತ್ತೇವೆ, ಮಡಿಸಿದ್ದಕ್ಕೆ ಕೂಲಿ ಕೇಳುತ್ತಾರೆಯೇ?


ಹಳೆಯ ಕೌಂಟರ್ | ಮಂಗಳವಾರ, ಬೆಳಿಗ್ಗೆ 11.00

ಖಡೇಬಜಾರ್ ಅವರೇ, ಸೀರೆಯ ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಕೂಡಿಬರುವುದಿಲ್ಲ. ಏಜೆಂಟರು ಬುಕಿಂಗ್ ಜಾಲದಲ್ಲಿ ಹಿಡಿಯುವ ಪ್ರತಿ ಸೀಟಿಗೂ ವಿಮಾನ ಕಂಪನಿ ಆ ಜಾಲಕ್ಕೆ ಶುಲ್ಕ ತೆರಬೇಕಾಗುತ್ತದೆ. ಅದರ ಮೇಲೆ, ಮಾರಾಟವಾಗದ ಸೀಟು ಮಾರಾಟವಾದಂತೆ ಕಾಣುತ್ತದೆ. ಹಾಗಾಗಿ ನಕಲು ಬುಕಿಂಗ್, ಸುಳ್ಳು ಹೆಸರಿನ ಬುಕಿಂಗ್, ಗಡುವು ಮುಗಿದಂತೆಲ್ಲ ರದ್ದು ಮಾಡಿ ಮತ್ತೆ ಹಿಡಿಯುವ ಆಟ ಇವಕ್ಕೆಲ್ಲ ಕಂಪನಿಗಳು ಏಜೆನ್ಸಿಗೆ ಡೆಬಿಟ್ ಮೆಮೊ (ಏಡಿಎಂ), ಅಂದರೆ ದಂಡದ ಚೀಟಿ, ಕಳಿಸುತ್ತವೆ. ನಮ್ಮ ಕಾಲದಲ್ಲಿ ಏಡಿಎಂ ಬಂತು ಎಂದರೆ ಆ ದಿನ ಕಚೇರಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಊರುಗಳ ಸಣ್ಣ ಏಜೆಂಟರು ಬಹಳಷ್ಟು ಮಂದಿ ನೇರವಾಗಿ ಐಯಾಟಾ ಮಾನ್ಯತೆ ಪಡೆದವರಲ್ಲ, ಮುಂಬಯಿ ಅಥವಾ ಬೆಂಗಳೂರಿನ ದೊಡ್ಡ ಏಜೆನ್ಸಿಯ ಲಾಗಿನ್‌ನಿಂದ ಕೆಲಸ ಮಾಡುತ್ತಾರೆ. ಮೆಮೊ ಆ ದೊಡ್ಡವರಿಗೆ ಬರುತ್ತದೆ, ಅವರು ಸಣ್ಣವರ ಠೇವಣಿಯಿಂದ ಕಡಿದುಕೊಳ್ಳುತ್ತಾರೆ. ಆದ್ದರಿಂದ ಅವರ ಹೆದರಿಕೆ ಸುಳ್ಳಲ್ಲ.

ಆದರೆ ಅದು ನಿಮ್ಮ ಸಾಲವಲ್ಲ. ಬ್ಲಾಕ್ ಮಾಡಿ ಎಂದು ನೀವು ಬರೆದುಕೊಟ್ಟಿಲ್ಲ, ದರ ಕೇಳಿದ್ದೀರಿ. ಹೆಸರಿಲ್ಲದೆಯೂ ದರ ನೋಡಲು ಬರುತ್ತದೆ. ಗಿರಾಕಿ ಕೈತಪ್ಪಬಾರದು ಎಂದು ಅವರು ಹೆಸರು ಹಾಕಿ ಹಿಡಿದರು. ಅದಲ್ಲದೆ ಮೆಮೊ ಇಷ್ಟು ಬೇಗ ಬರುವುದಿಲ್ಲ. "ಮೆಮೊ ಬಂದಾಗ ಪ್ರತಿ ತೋರಿಸಿ, ಮಾತಾಡೋಣ" ಎಂದು ಹೇಳಿ. ಜಗಳ ಮಾಡಬೇಡಿ. ನಾಳೆ ಅತ್ತೆಯವರಿಗೆ ಗಾಲಿಕುರ್ಚಿ ಬೇಕಾದಾಗಲೋ ಊಟದ ಆಯ್ಕೆ ಬದಲಿಸಬೇಕಾದಾಗಲೋ ಜಾಲತಾಣ ಫೋನು ಎತ್ತುವುದಿಲ್ಲ, ಕಾಲೇಜು ರಸ್ತೆಯವರು ಎತ್ತುತ್ತಾರೆ.


ಪಾಟೀಲರ ಓಣಿ | ಮಂಗಳವಾರ, ಮಧ್ಯಾಹ್ನ 12.30

ಹೆಸರು ಒಂದೇ ಆಗಿ ಜನ ಬೇರೆ ಇದ್ದರೆ? ನಮ್ಮ ಓಣಿಯಲ್ಲಿ ಕಲ್ಲು ಎಸೆದರೆ ಅದು ಒಬ್ಬ ಎಸ್. ಪಾಟೀಲನಿಗೆ ತಗುಲಿ ಪುಟಿದು ಇನ್ನೊಬ್ಬ ಎಸ್. ಪಾಟೀಲನಿಗೆ ತಗಲುತ್ತದೆ.


ಹಳೆಯ ಕೌಂಟರ್ | ಮಂಗಳವಾರ, ಮಧ್ಯಾಹ್ನ 2.10

ಇದೇ ನನ್ನ ತಲೆ ತಿಂದ ಪ್ರಕರಣ. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳಿಬ್ಬರು ಒಂದು ಮದುವೆಗೆ ದೆಹಲಿಗೆ ಹೊರಟಿದ್ದರು. ಅಡ್ಡಹೆಸರು ಒಂದೇ, ಮೊದಲಕ್ಷರ ಒಂದೇ. ಒಬ್ಬರ ಬುಕಿಂಗ್ ನಾನು ಮಾಡಿದೆ, ಇನ್ನೊಬ್ಬರದು ಬೇರೆ ಏಜೆಂಟರು. ಇಬ್ಬರೂ ಸೋಮಾರಿತನದಿಂದ ಅಡ್ಡಹೆಸರು ಮತ್ತು ಒಂದು ಅಕ್ಷರ ಮಾತ್ರ ಹಾಕಿದ್ದೆವು. ಯಂತ್ರಕ್ಕೆ ಅವರ ಮೀಸೆ ಕಾಣುತ್ತದೆಯೇ? ಒಬ್ಬನೇ ಮನುಷ್ಯ ಎಂದು ತಿಳಿದು ನನ್ನ ಬ್ಲಾಕ್ ಕೆಡವಿತು. ಟಿಕೆಟ್ ತೆಗೆಯಲು ಹೋದಾಗ ಸೀಟಿಲ್ಲ. ಮದುವೆ ಸೀಸನ್, ದರ ಒಂದೂವರೆ ಪಟ್ಟು. ಹೆಚ್ಚಿನ ಹಣ ನಾನೇ ಕೊಟ್ಟೆ. ಅಂದಿನಿಂದ ಗುರುತಿನ ಚೀಟಿಯಲ್ಲಿ ಇರುವ ಪೂರ್ತಿ ಹೆಸರು ಹಾಕದೆ ನಾನು ಯಾರ ಬುಕಿಂಗನ್ನೂ ಮಾಡಿದವನಲ್ಲ. ಅಪ್ಪ-ಮಗ ಒಂದೇ ಹೆಸರಿನವರಾಗಿದ್ದರೆ ಇಬ್ಬರನ್ನೂ ಒಂದೇ ಪಿಎನ್‌ಆರ್‌ನಲ್ಲಿ ಹಾಕಿಸಿ. ಒಂದೇ ಬುಕಿಂಗಿನೊಳಗೆ ಇಬ್ಬರು ಇದ್ದರೆ ಅದು ಇಬ್ಬರೇ ಎಂದು ಯಂತ್ರಕ್ಕೂ ಗೊತ್ತಾಗುತ್ತದೆ.


ತಂಬೂರಿ | ಮಂಗಳವಾರ, ಸಂಜೆ 4.45

ವಿಷಯಕ್ಕೆ ಸ್ವಲ್ಪ ಪಕ್ಕದ್ದು. ಕುಮಾರ ಗಂಧರ್ವರ ಹುಟ್ಟೂರು ಸುಳೇಭಾವಿಯ ಕಡೆಯವನು ನಾನು, ಹಾಡುವವರ ಜೊತೆ ತಿರುಗುತ್ತೇನೆ. ತಂಬೂರಿಯನ್ನು ಸಾಮಾನಿನೊಂದಿಗೆ ಹಾಕಲು ಜೀವ ಒಪ್ಪುವುದಿಲ್ಲ. ಒಮ್ಮೆ ಅದಕ್ಕೆಂದು ನನ್ನ ಹೆಸರಲ್ಲೇ ಎರಡು ಸೀಟು ತೆಗೆದಿದ್ದೆ, ಎರಡು ಬೇರೆ ಬೇರೆ ಬುಕಿಂಗ್. ವಿಮಾನ ನಿಲ್ದಾಣದಲ್ಲಿ ಒಂದಕ್ಕೆ ಬೋರ್ಡಿಂಗ್ ಪಾಸ್ ಕೊಟ್ಟರು, ಇನ್ನೊಂದರ ಪ್ರಯಾಣಿಕ ಬಂದಿಲ್ಲ ಎಂದು ಬರೆದುಕೊಂಡರು. ನಾನು ಎದುರಿಗೇ ನಿಂತಿದ್ದೆ.


ಹಳೆಯ ಕೌಂಟರ್ | ಮಂಗಳವಾರ, ಸಂಜೆ 5.20

ಒಬ್ಬರಿಗೆ ಎರಡು ಸೀಟು ಬೇಕಾದರೆ ದಾರಿ ಇದೆ, ಆದರೆ ಹೆಸರನ್ನು ಎರಡು ಸಲ ಬರೆಯುವುದು ಆ ದಾರಿಯಲ್ಲ. ಹೆಚ್ಚುವರಿ ಸೀಟು ಎಂದೇ ಒಂದು ಬಗೆ ಇದೆ, ವಾದ್ಯಕ್ಕಾದರೆ ಕ್ಯಾಬಿನ್ ಸಾಮಾನಿನ ಸೀಟು ಎಂದು ಬೇರೆ ಬಗೆ. ಎರಡನ್ನೂ ಕಂಪನಿಗೆ ಮೊದಲೇ ಹೇಳಿ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಬೇಕು. ಸಾಂಬ್ರಾಕ್ಕೆ ಬರುವ ಸಣ್ಣ ವಿಮಾನಗಳಲ್ಲಿ ಅದಕ್ಕೆ ಅವಕಾಶ ಉಂಟೇ ಎಂದು ತಂಬೂರಿ ಹೊರಡಿಸುವ ಮೊದಲೇ ಕೇಳಿಕೊಳ್ಳಿ.


ಬಾಗಲಕೋಟೆ ಬಸ್ಸು | ಮಂಗಳವಾರ, ರಾತ್ರಿ 8.30

ಅಕ್ಕನವರ ಮೂರನೆಯ ಪ್ರಶ್ನೆಗೆ ನನ್ನ ಸುಟ್ಟ ಕೈ ತೋರಿಸುತ್ತೇನೆ. ನಮ್ಮೂರಿಗೆ ವಿಮಾನ ನಿಲ್ದಾಣವಿಲ್ಲ. ಹುಬ್ಬಳ್ಳಿಗೆ ಹೋದರೂ ಮೂರು ತಾಸು, ಬೆಳಗಾವಿಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ. ಒಂದು ಸಲ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿಬರುವ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ತೆಗೆದಿದ್ದೆ. ಆಮೇಲೆ ಬೆಳಗಾವಿಯಲ್ಲಿ ಬೀಗರ ಮನೆಯ ಕೆಲಸ ಬಿತ್ತು. ಅಲ್ಲಿಂದಲೇ ಹೋಗೋಣ ಎಂದು ಸಾಂಬ್ರಾದಿಂದ ಬೇರೆ ಕಂಪನಿಯ ಒಂಟಿ ಟಿಕೆಟ್ ಕೊಂಡೆ. ಎರಡೂ ಒಂದೇ ದಿನ, ಹೆಚ್ಚುಕಡಿಮೆ ಒಂದೇ ಹೊತ್ತು. ಯಾರೂ ಏನೂ ಕೇಳಲಿಲ್ಲ, ಎರಡು ಕಂಪನಿಗಳ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವುದಿಲ್ಲವಲ್ಲ. ಸಾಂಬ್ರಾದಿಂದ ಹಾಯಾಗಿ ಹೋದೆ. ನಾಲ್ಕು ದಿನ ಬಿಟ್ಟು ಹುಬ್ಬಳ್ಳಿಗೆ ಮರಳಲು ದೇವನಹಳ್ಳಿಗೆ ಹೋದರೆ ನನ್ನ ಹೆಸರೇ ಇಲ್ಲ. ಹೋಗುವ ಟಿಕೆಟ್ ಬಳಸದೆ ಬಿಟ್ಟದ್ದರಿಂದ ಬರುವ ಟಿಕೆಟ್ ತಾನಾಗಿ ರದ್ದಾಗಿತ್ತು. ಷರತ್ತಿನಲ್ಲಿ ಬರೆದಿದೆ ಎಂದರು. ನಿಜ, ಬರೆದಿತ್ತು, ಇರುವೆ ಗಾತ್ರದ ಅಕ್ಷರದಲ್ಲಿ. ಆ ರಾತ್ರಿ ಬಸ್ಸಿನಲ್ಲಿ ಬಂದೆ, ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದೇನೆ.

ಬಿಡಬೇಕೆಂದಿರುವ ಟಿಕೆಟ್‌ಗೆ ಮರಳುವ ಪ್ರಯಾಣ ಜೋಡಿಸಿದ್ದರೆ ಜೋಕೆ. ಮೊದಲೇ ಫೋನು ಮಾಡಿ ಹೋಗುವ ಭಾಗವನ್ನು ಮಾತ್ರ ತೆಗೆಸಬೇಕು.


ಮೂರನೇ ಗೇಟ್ | ಮಂಗಳವಾರ, ರಾತ್ರಿ 8.50

ನಮ್ಮದು ಎರಡೂ ಒಂಟಿ ಟಿಕೆಟ್, ಮರಳುವುದು ಜೋಡಿಸಿಲ್ಲ. ಬದುಕಿದೆ.


ಕಂಟೋನ್ಮೆಂಟ್ ಗುಮಾಸ್ತ | ಮಂಗಳವಾರ, ರಾತ್ರಿ 9.15

ಕೇಂದ್ರ ಸರ್ಕಾರಿ ನೌಕರರು ಇದನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಸರ್ಕಾರದ ಖರ್ಚಿನಲ್ಲಿ ಹೋಗುವಾಗ ಈ ಬದಲಿ ಟಿಕೆಟ್ ಆಟ ನಡೆಯುವುದಿಲ್ಲ. ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2022ರ ಜೂನ್‌ನಲ್ಲಿ ಹೊರಡಿಸಿದ ಸೂಚನೆಯಲ್ಲಿ, ಪ್ರಯಾಣದ ಒಂದು ಹಂತಕ್ಕೆ ಒಂದೇ ಟಿಕೆಟ್, ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದು ಸ್ಪಷ್ಟವಾಗಿ ಇದೆ. ಪ್ರಯಾಣಕ್ಕೆ 21 ದಿನ ಮೊದಲೇ ಬುಕ್ ಮಾಡಿ ಎಂದೂ ಇದೆ. ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂವರ ಮೂಲಕವೇ ತೆಗೆಯಬೇಕು. ನಮ್ಮ ಕಚೇರಿಯಲ್ಲಿ ಒಬ್ಬರು ರಜೆ ಮಂಜೂರಾಗುತ್ತದೋ ಇಲ್ಲವೋ ಎಂದು ಎರಡು ದಿನಾಂಕಕ್ಕೆ ತೆಗೆದಿದ್ದರು. ಎರಡನೆಯದರ ರದ್ದತಿ ಶುಲ್ಕ ಸ್ವಂತ ಜೇಬಿನಿಂದ ಹೋಯಿತು, ಮೇಲೆ ವಿವರಣೆ ಬರೆದುಕೊಟ್ಟದ್ದು ಬೇರೆ.


ಸಾಂಬ್ರಾ ದಾರಿ | ಬುಧವಾರ, ಬೆಳಿಗ್ಗೆ 7.00

ಯಾರೂ ಹೇಳದ ಮಾತು ನಾನು ಹೇಳುತ್ತೇನೆ, ಬೇಸರಿಸಬೇಡಿ. ಇದು ಬೆಂಗಳೂರಲ್ಲ, ಗಂಟೆಗೆ ಹತ್ತು ವಿಮಾನ ಇಲ್ಲಿಲ್ಲ. ಬೆರಳೆಣಿಕೆಯ ವಿಮಾನಗಳು, ಅವುಗಳಲ್ಲೂ ಕೆಲವು ಚಿಕ್ಕವು. ಹೋದ ವರ್ಷ ನಮ್ಮ ತಂದೆಯವರನ್ನು ತುರ್ತಾಗಿ ಬೆಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಿತ್ತು. ಸಂಜೆಯ ವಿಮಾನ ಭರ್ತಿ ಎಂದರು. ರಸ್ತೆಯಲ್ಲಿ ಹತ್ತು ತಾಸು ಒಯ್ದೆವು. ಅಂದು ಅದೇ ವಿಮಾನದಲ್ಲಿ ಬಂದಿದ್ದ ಪರಿಚಯದವರು ಮರುದಿನ, ನಾಲ್ಕಾರು ಸೀಟು ಖಾಲಿ ಇದ್ದವು ಎಂದರು. ಯಾರೋ "ಇರಲಿ" ಎಂದು ತೆಗೆದಿಟ್ಟು ಬಾರದೆ ಹೋದ ಸೀಟುಗಳು. ತಂದೆ ಈಗ ಚೆನ್ನಾಗಿದ್ದಾರೆ, ಆದರೆ ಆ ಖಾಲಿ ಸೀಟುಗಳು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.


ಕುಂದಾ ಕಟ್ಟೆ | ಬುಧವಾರ, ಬೆಳಿಗ್ಗೆ 7.40

ನೋವು ಅರ್ಥವಾಗುತ್ತದೆ ಅಣ್ಣಾ. ಆದರೆ ಪ್ರಯಾಣಿಕ ಏಕೆ ಎರಡು ಟಿಕೆಟ್ ಇಟ್ಟುಕೊಳ್ಳುತ್ತಾನೆ ಎಂಬುದನ್ನೂ ನೋಡಿ. 2025ರ ಡಿಸೆಂಬರ್ ಮರೆತಿರಾ? ಪೈಲಟ್‌ಗಳ ಕರ್ತವ್ಯ ಅವಧಿಯ ಹೊಸ ನಿಯಮಕ್ಕೆ ಸಿದ್ಧತೆ ಸಾಲದೆ, ಡಿಸೆಂಬರ್ 5ರಂದು ಒಂದೇ ದಿನ ದೇಶದಲ್ಲಿ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಉಳಿದ ಸೀಟುಗಳ ದರ ಆಕಾಶಕ್ಕೇರಿ, 500 ಕಿಲೋಮೀಟರ್ ಒಳಗಿನ ಹಾರಾಟಕ್ಕೆ 7,500 ರೂಪಾಯಿ ಮೀರಬಾರದು ಎಂದು ಸರ್ಕಾರವೇ ಮಿತಿ ಹಾಕಬೇಕಾಯಿತು. ನನ್ನ ತಂಗಿ ಎರಡು ದಿನ ಮುಂಬಯಿಯಲ್ಲಿ ನೆಲದ ಮೇಲೆ ಮಲಗಿದಳು. ಅದಾದ ಮೇಲೆ ಅವಳಿಗೆ ಒಂದೇ ಟಿಕೆಟ್ ಸಾಕು ಎಂದು ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಇನ್ನು ಕಂಪನಿಗಳೂ ಒಂದೇ ಸೀಟನ್ನು ಇಬ್ಬರಿಗೆ ಮಾರುತ್ತವೆ. ಹತ್ತಲು ಬಿಡದಿದ್ದರೆ ಮೂಲ ದರದ ಎರಡು ಪಟ್ಟೋ ನಾಲ್ಕು ಪಟ್ಟೋ ಪರಿಹಾರ, 10,000 ಅಥವಾ 20,000 ರೂಪಾಯಿ ಮೀರದಂತೆ, ಎಂದು ನಿಯಮವನ್ನೇ ಬರೆದಿಟ್ಟಿದ್ದಾರೆ. ಅವರು ಮಾಡಿದರೆ ವ್ಯಾಪಾರ, ನಾವು ಮಾಡಿದರೆ ಪಾಪ?


ಸಾಂಬ್ರಾ ದಾರಿ | ಬುಧವಾರ, ಬೆಳಿಗ್ಗೆ 7.55

ಅವರನ್ನು ನಾನು ಸಮರ್ಥಿಸಲಿಲ್ಲ. ಎರಡು ಇಟ್ಟುಕೊಳ್ಳಿ, ಆದರೆ ಬೇಡವಾದದ್ದನ್ನು ಹಿಂದಿನ ದಿನವಾದರೂ ಬಿಡಿ ಎನ್ನುತ್ತಿದ್ದೇನೆ. ಆ ಸೀಟು ಇನ್ನೊಬ್ಬರಿಗೆ ಸಿಗಲಿ.


ನಿವೃತ್ತ ಮಾಸ್ತರ | ಬುಧವಾರ, ಬೆಳಿಗ್ಗೆ 9.00

ಬಿಟ್ಟರೆ ನಿಮಗೂ ಲಾಭವಿದೆ, ಜನರಿಗೆ ಇದು ಗೊತ್ತಿಲ್ಲ. ರದ್ದತಿ ಶುಲ್ಕ ಎಷ್ಟೇ ಹಾಕಿದರೂ ಅದು ಮೂಲ ದರ ಮತ್ತು ಇಂಧನ ಶುಲ್ಕ ಎರಡನ್ನೂ ಕೂಡಿಸಿದ ಮೊತ್ತವನ್ನು ಮೀರುವಂತಿಲ್ಲ. ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರ ಶುಲ್ಕವನ್ನು ಹಿಂತಿರುಗಿಸಲೇಬೇಕು, "ಮರುಪಾವತಿ ಇಲ್ಲ" ಎಂದು ಬರೆದ ರಿಯಾಯಿತಿ ಟಿಕೆಟ್ ಆದರೂ, ನೀವು ಹೇಳದೆ ಕೇಳದೆ ಬಾರದೆ ಉಳಿದರೂ. ನಾನೊಮ್ಮೆ 3,900 ರೂಪಾಯಿಯ ಟಿಕೆಟ್ ಬಳಸದೆ ಬಿಟ್ಟಿದ್ದೆ. ಏನೂ ಬರುವುದಿಲ್ಲ ಎಂದು ಗ್ರಾಹಕ ಸೇವೆಯವರು ಹೇಳಿದರು. ನಿಯಮದ ಹೆಸರು ಹೇಳಿ ಬರೆದೆ, 612 ರೂಪಾಯಿ ಬಂತು. ಮೊತ್ತ ಸಣ್ಣದು, ಆದರೆ ಆ ದಿನ ಮನೆಯಲ್ಲಿ ಸಿಹಿ ಮಾಡಿಸಿದೆ.

ಏಜೆಂಟರ ಮೂಲಕ ಕೊಂಡಿದ್ದರೂ ಮರುಪಾವತಿಯ ಹೊಣೆ ವಿಮಾನ ಕಂಪನಿಯದೇ. ಸತಾಯಿಸಿದರೆ ಏರ್‌ಸೇವಾ ಜಾಲತಾಣದಲ್ಲಿ ದೂರು ಕೊಡಿ, ಇಲ್ಲವೇ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.


ಉದ್ಯಮಬಾಗ್ | ಬುಧವಾರ, ಬೆಳಿಗ್ಗೆ 10.25

ನನ್ನದು ಬೇರೆ ತರಹದ ಎರಡು ಟಿಕೆಟ್. ಯುಪಿಐಯಲ್ಲಿ ಹಣ ಹೋಯಿತು, ಪರದೆ ಸುತ್ತುತ್ತಲೇ ನಿಂತಿತು. ಐದು ನಿಮಿಷ ಕಾದು ಮತ್ತೆ ಬುಕ್ ಮಾಡಿದೆ. ಆಮೇಲೆ ಎರಡೂ ಖಚಿತವಾದವು. ಒಂದೇ ವಿಮಾನ, ಒಂದೇ ಹೆಸರು. ಕಂಪನಿಗೆ ಅದೇ ಗಂಟೆಯಲ್ಲಿ ಬರೆದದ್ದರಿಂದ ಒಂದನ್ನು ಪೂರ್ತಿ ಮರಳಿಸಿದರು. ಮರುದಿನ ಬರೆದಿದ್ದರೆ ಕೊಡುತ್ತಿದ್ದರೋ ಇಲ್ಲವೋ.


ನಿವೃತ್ತ ಮಾಸ್ತರ | ಬುಧವಾರ, ಬೆಳಿಗ್ಗೆ 10.40

ಹಣ ಹೋಗಿ ಟಿಕೆಟ್ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಇದೆ. ಅಂಗಡಿಯವರಿಗೆ ಪಾವತಿಯ ಖಾತ್ರಿ ತಲುಪದ ಯುಪಿಐ ಹಣ ಐದು ದಿನದೊಳಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹಾಗಾಗಿ ಪರದೆ ಸುತ್ತುವಾಗ ಕೈ ಕಟ್ಟಿಕೊಂಡು ಅರ್ಧ ತಾಸು ಕೂರಿ.


ಹೊಸ ಪಾಸ್‌ಪೋರ್ಟ್ | ಬುಧವಾರ, ಮಧ್ಯಾಹ್ನ 1.30

ನಾವೂ ಯುರೋಪ್ ವೀಸಾಕ್ಕೆ ಹಾಕಬೇಕು. ಒಬ್ಬರು 500 ರೂಪಾಯಿಗೆ "ಡಮ್ಮಿ ಟಿಕೆಟ್" ಮಾಡಿಕೊಡುತ್ತೇನೆ ಎನ್ನುತ್ತಾರೆ. ನಿಜವಾದ ಟಿಕೆಟ್ ಬೇರೆ ದಿನಕ್ಕೆ ಕೊಳ್ಳುತ್ತೇವೆ. ಎರಡೂ ಇದ್ದರೆ ತೊಂದರೆಯೇ?


ಹಳೆಯ ಕೌಂಟರ್ | ಬುಧವಾರ, ಮಧ್ಯಾಹ್ನ 3.00

ತೊಂದರೆ ಎರಡಿರುವುದರಲ್ಲಿ ಅಲ್ಲ, ಒಂದು ಸುಳ್ಳಾಗಿರುವುದರಲ್ಲಿ ಇದೆ. ಬುಕಿಂಗ್ ಜಾಲದಲ್ಲಿ ನಿಜವಾಗಿ ಹಿಡಿದ ಸೀಟು, ಗಡುವಿನವರೆಗೆ ಜೀವಂತ ಇರುವ ಪಿಎನ್‌ಆರ್ ಆದರೆ ಅದು ಕಾಯ್ದಿರಿಸುವಿಕೆ. ಕಂಪ್ಯೂಟರಿನಲ್ಲಿ ಚಿತ್ರ ತಿದ್ದಿ ಮುದ್ರಿಸಿದ ಹಾಳೆ ಆದರೆ ಅದು ಖೋಟಾ ದಾಖಲೆ. ವೀಸಾ ಅಧಿಕಾರಿ ಪಿಎನ್‌ಆರ್ ಹಾಕಿ ನೋಡಲು ಒಂದು ನಿಮಿಷ ಸಾಕು, ಸುಳ್ಳು ದಾಖಲೆ ಕೊಟ್ಟರೆ ಷೆಂಗೆನ್ ನಿಯಮದಲ್ಲಿ ವೀಸಾ ನಿರಾಕರಿಸಲು ಅದೊಂದೇ ಕಾರಣ ಸಾಕಾಗುತ್ತದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಕೊಡಬಹುದು, ಕಡೆಯ ಪಕ್ಷ 15 ದಿನ ಮೊದಲಾದರೂ ಕೊಡಬೇಕು. ಅಷ್ಟು ಸಮಯ ಇರುವಾಗ ಪೂರ್ತಿ ಮರುಪಾವತಿ ಇರುವ ಟಿಕೆಟ್ ತೆಗೆಯಿರಿ, ಇಲ್ಲವೇ ಕಂಪನಿಯೇ ಸ್ವಲ್ಪ ಶುಲ್ಕಕ್ಕೆ ದರ ಹಿಡಿದಿಡುವ ಸೌಲಭ್ಯ ಕೊಡುತ್ತದೆಯೇ ಕೇಳಿ.

ಈಗ ತಂಗಿಯ ಮೂರನೆಯ ಪ್ರಶ್ನೆ. ಬೇರೆ ಬೇರೆ ಕಂಪನಿ, ಹಣ ಕಟ್ಟಿದ ಟಿಕೆಟ್, ಬೇರೆ ಹೊತ್ತು. ಯಾವ ಯಂತ್ರವೂ ಮುಟ್ಟುವುದಿಲ್ಲ. ಆದರೆ ಅದು ನಿಮ್ಮನ್ನು ಕಾಯುವುದೂ ಇಲ್ಲ. ಜುಲೈ ತಿಂಗಳು, ಮೋಡ ಕೆಳಗಿಳಿದು ಮಧ್ಯಾಹ್ನದ ವಿಮಾನ ಸಾಂಬ್ರಾದಲ್ಲಿ ಇಳಿಯದಿದ್ದರೆ ಸಂಜೆಯದು ಇಳಿಯುತ್ತದೆ ಎಂದು ಏನು ಖಾತ್ರಿ? ಎರಡಕ್ಕೂ ಆಕಾಶ ಒಂದೇ. ಅದಲ್ಲದೆ ಫ್ರಾಂಕ್‌ಫರ್ಟ್ ಟಿಕೆಟ್ ಬೇರೆ, ಬೆಂಗಳೂರಿನ ಟಿಕೆಟ್ ಬೇರೆ. ನೀವು ತಡವಾಗಿ ತಲುಪಿದರೆ ಫ್ರಾಂಕ್‌ಫರ್ಟ್ ಕಂಪನಿಯ ಲೆಕ್ಕದಲ್ಲಿ ಅದು ನಿಮ್ಮ ತಪ್ಪು. ಎರಡನೆಯ ಜೋಡಿ ಟಿಕೆಟ್‌ಗೆ ಹಾಕಿದ ಹಣದಲ್ಲಿ ಹಿಂದಿನ ದಿನವೇ ಹೋಗಿ ದೇವನಹಳ್ಳಿ ಹತ್ತಿರ ಒಂದು ಕೋಣೆ ಹಿಡಿಯಬಹುದಿತ್ತು. 2025ರ ಆಗಸ್ಟ್‌ನಿಂದ ಬೆಳಗಿನ ವಂದೇ ಭಾರತ್ ಇದೆ, ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು. ಮಳೆ ಮೋಡಕ್ಕೆ ರೈಲು ಹೆದರುವುದಿಲ್ಲ. ಅರವತ್ತೈದು ದಾಟಿದವರು ರಾತ್ರಿ ಮಲಗಿ ಎದ್ದು ನಿಧಾನವಾಗಿ ವಿಮಾನ ಹತ್ತಲಿ.


ಮೂರನೇ ಗೇಟ್ | ಗುರುವಾರ, ರಾತ್ರಿ 9.05

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಸಂಜೆಯ ಟಿಕೆಟ್‌ಗಳನ್ನು ಇಂದೇ ರದ್ದು ಮಾಡಿದೆವು. ಸಾಂಬ್ರಾ ದಾರಿ ಅಣ್ಣನವರ ಮಾತು ಓದಿ ಮಾವನವರೇ ಹೇಳಿದರು, ಯಾರಿಗಾದರೂ ಬೇಕಾದೀತು ಬಿಡಿ ಎಂದು. ಮಧ್ಯಾಹ್ನದ ಟಿಕೆಟ್‌ಗಳನ್ನು ಒಂದು ದಿನ ಹಿಂದಕ್ಕೆ ಬದಲಿಸಿದೆವು, ದರದ ವ್ಯತ್ಯಾಸ ಕೊಟ್ಟಾಯಿತು. ರೈಲು ಎಂದರೆ ಅತ್ತೆ ಒಪ್ಪಲಿಲ್ಲ. ಮೊದಲು ಊರಿನಿಂದ ಹಾರಬೇಕು, ಅಕ್ಕಪಕ್ಕದವರು ಸಾಂಬ್ರಾಕ್ಕೆ ಬಂದು ಕೈ ಬೀಸಬೇಕು ಎಂಬುದು ಅವರ ಆಸೆ.

ಕಾಲೇಜು ರಸ್ತೆಯ ಏಜೆಂಟರ ಬಳಿ ನಾನೇ ಹೋಗಿದ್ದೆ, ಕಾಲು ಕಿಲೋ ಕುಂದಾ ಹಿಡಿದುಕೊಂಡು. ಮೆಮೊ ಬಂದರೆ ಪ್ರತಿ ತೋರಿಸಿ, ಅರ್ಧ ನಾನು ಕೊಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹುಬ್ಬಳ್ಳಿಯವರನ್ನು ಏಕೆ ಕೇಳಿದಿರಿ?" ಎಂದರು. ಅವರಿಗೆ ದಂಡಕ್ಕಿಂತ ಅದೇ ಹೆಚ್ಚು ಚುಚ್ಚಿತ್ತು. ಪ್ರಯಾಣ ವಿಮೆ ಅವರಲ್ಲೇ ಮಾಡಿಸಿದೆ. ಅತ್ತೆಯವರ ಗಾಲಿಕುರ್ಚಿಗೂ ಅವರೇ ಹೇಳುತ್ತಾರಂತೆ.

ಹುಬ್ಬಳ್ಳಿಯವರೊಂದಿಗೆ ಯಜಮಾನರೇ ಮಾತಾಡಿಕೊಳ್ಳಲಿ.


ಹಳೆಯ ಕೌಂಟರ್ | ಗುರುವಾರ, ರಾತ್ರಿ 9.30

ಒಳ್ಳೆಯದಾಯಿತು. ಒಂದು ಸಣ್ಣ ಕೆಲಸ ಬಾಕಿ ಇದೆ ತಂಗೀ. ಹಿರಿಯರು ರದ್ದಾದ ಬುಕಿಂಗ್‌ಗಳ ಮುದ್ರಿತ ಹಾಳೆಗಳನ್ನೂ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ನಿಲ್ದಾಣದ ಬಾಗಿಲಲ್ಲಿ ಭದ್ರತಾ ಸಿಬ್ಬಂದಿಗೆ ಕೈಗೆ ಸಿಕ್ಕ ಮೊದಲ ಹಾಳೆ ತೋರಿಸುತ್ತಾರೆ, ಅದು ಸರಿಯಾಗಿ ರದ್ದಾದದ್ದೇ ಆಗಿರುತ್ತದೆ. ಅವನ್ನು ತೆಗೆದುಬಿಡಿ.


ಮೂರನೇ ಗೇಟ್ | ಗುರುವಾರ, ರಾತ್ರಿ 9.50

ತೆಗೆದೆ ಕಾಕಾ. ಈಗ ಹೋಗಿ ನೋಡಿದರೆ ಮಾವ ಮತ್ತೆ ಇಟ್ಟುಕೊಂಡಿದ್ದಾರೆ. "ಇರಲಿ ಬಿಡವ್ವಾ" ಎನ್ನುತ್ತಾರೆ.